ವಿಂಚಿನ ಸ್ವಿಚ್ ಎಲ್ಲಿರಬೇಕು?

ಕೊಡಗಿನ ಮಳೆಗಾಲದಲ್ಲಿ ಜೀಪಿನ ಬಂಪರ್ ಮೇಲೆ ಕೂತು, ಡ್ರಮ್ಮಿಗೆ ಹಗ್ಗ ಸುತ್ತುತ್ತ ಗಾಡಿಯನ್ನು ಎಳೆಯುವ ವಿಂಚ್ ಶೋಕಿಯ ವಸ್ತುವಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತಲೂ ಹೆಚ್ಚು. ಬರೆ ಕುಸಿದು, ಸಿಲ್ವರ್ ಓಕ್ ಉರುಳಿ, ತೋಟದ ರಸ್ತೆ ದಿನಗಟ್ಟಲೆ ಮುಚ್ಚುವುದು ಇಲ್ಲಿ ಸಾಮಾನ್ಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲ ಭಾಗದಲ್ಲಿ ಗುಡ್ಡಗಳೇ ಜಾರಿ ಮಡಿಕೇರಿ–ಸಂಪಾಜೆ ಹೆದ್ದಾರಿ ಕಡಿದುಹೋದಾಗ, ರಸ್ತೆಯಿಲ್ಲದ ಕಡೆ ಹೋಗಬಲ್ಲ ಗಾಡಿಯ ಬೆಲೆ ಇಡೀ ಜಿಲ್ಲೆಗೆ ಅರ್ಥವಾಯಿತು. ಹೀಗಿರುವಾಗ ವಿಂಚ್ ಹಾಕಿಸಿದವರು ಮುಂದಿನ ಹೆಜ್ಜೆಯಾಗಿ ಅದರ ಸ್ವಿಚ್ಚನ್ನು ಡ್ಯಾಶ್‌ಬೋರ್ಡಿಗೆ ತರಿಸಿಕೊಳ್ಳುವುದು ಸಹಜ. ಈ ಅಳವಡಿಕೆಯನ್ನು ಬಹುಪಾಲು ಮಂದಿ ಅಳೆಯುವುದು ವಿಂಚ್ ಎಷ್ಟು ಸುಲಭವಾಗಿ ಚಾಲೂ ಆಗುತ್ತದೆ ಎಂಬುದರಿಂದ. ಅಳೆಯಬೇಕಾದದ್ದು ಅದು ಎಷ್ಟು ಖಾತ್ರಿಯಾಗಿ ನಿಲ್ಲುತ್ತದೆ ಎಂಬುದರಿಂದ.

ಮೊದಲು ಅದರ ಪರವಾಗಿ ಹೇಳಬೇಕಾದ್ದನ್ನು ಹೇಳಬೇಕು, ಏಕೆಂದರೆ ಅದು ಸಣ್ಣದಲ್ಲ. ವಿಂಚ್ ಜೊತೆ ಬರುವ ವೈರ್ ರಿಮೋಟ್ ಸಾಮಾನ್ಯವಾಗಿ 12 ಅಡಿ ಉದ್ದದ್ದು. ಅದನ್ನು ಸಿಕ್ಕಿಸುವ ಸಾಕೆಟ್ ಇರುವುದು ಬಂಪರ್ ಬಳಿ, ಅಂದರೆ ಕೆಸರು ಮೊದಲು ಮುಟ್ಟುವ ಜಾಗದಲ್ಲಿ. ನಾಲ್ಕು ತಿಂಗಳ ತೇವಕ್ಕೆ ಅದರ ಪಿನ್ನುಗಳು ಹಸಿರುಗಟ್ಟುತ್ತವೆ, ವಿಂಚಿನ ಮೋಟಾರಿಗೆ ಕರೆಂಟ್ ಹಾಯಿಸುವ ಸೊಲೆನಾಯ್ಡಿಗೆ ಪೂರ್ತಿ ವೋಲ್ಟೇಜ್ ತಲುಪದೆ ಅದು ಕಟಕಟನೆ ಬಡಿದುಕೊಳ್ಳುತ್ತದೆ. ಒಬ್ಬರೇ ಸಿಕ್ಕಿಕೊಂಡಾಗಿನ ಪಾಡು ಇನ್ನೂ ಕಷ್ಟ. ಸ್ಟೀರಿಂಗ್ ಹಿಡಿಯಬೇಕು, ಬ್ರೇಕ್ ಮೇಲೆ ಕಾಲಿರಬೇಕು, ಲೋ ಗೇರಿನಲ್ಲಿ ಚಕ್ರಗಳನ್ನು ಮೆಲ್ಲಗೆ ತಿರುಗಿಸಿ ವಿಂಚಿಗೆ ನೆರವಾಗಬೇಕು. ಆಗ ರಿಮೋಟಿನ ವೈರ್ ಕಿಟಕಿಯಿಂದ ಒಳಗೆ ಬಂದು, ಮುಂದಿನ ಚಕ್ರ ಮತ್ತು ಡ್ರಮ್ಮಿನ ಹತ್ತಿರವೇ ಜೋತಾಡುತ್ತದೆ. ಅದು ಸುತ್ತಿಕೊಂಡರೆ ನಿಲ್ಲಿಸುವ ಗುಂಡಿಯೇ ಕೈಯಿಂದ ಹೋದಂತೆ. ಈ ಒಂದು ಕೆಲಸಕ್ಕೆ, ಅಂದರೆ ತನ್ನ ಗಾಡಿಯನ್ನು ತಾನೇ ಮೇಲೆತ್ತಿಕೊಳ್ಳುವ ಕೆಲಸಕ್ಕೆ, ಡ್ಯಾಶ್‌ಬೋರ್ಡಿನ ಸ್ವಿಚ್ ರಿಮೋಟಿಗಿಂತ ಮೇಲು.

ಆದರೆ ಅಳವಡಿಸುವ ರೀತಿಯಲ್ಲಿ ತೊಂದರೆ ಇದೆ. ಪೂರ್ತಿ ಭಾರದಲ್ಲಿ 12 ವೋಲ್ಟ್ ವಿಂಚ್ 400 ಆಂಪ್‌ನಷ್ಟು ಎಳೆಯಬಲ್ಲದು. ಹಳೆಯ ಜೀಪಿನ ಆಲ್ಟರ್ನೇಟರ್ 100 ಆಂಪ್ ಕೂಡ ಕೊಡದು, ಉಳಿದದ್ದೆಲ್ಲ ಬ್ಯಾಟರಿಯಿಂದ ಬರಬೇಕು. ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕ ಈ ಕರೆಂಟ್ ಹಾಯುವುದಿಲ್ಲ. ಸೊಲೆನಾಯ್ಡಿನ ಕಾಯಿಲ್‌ಗೆ ಬೇಕಾದ ಕೆಲವೇ ಆಂಪ್ ಅದರಲ್ಲಿ ಹೋಗುತ್ತದೆ. ಕೆಲಸ ಸುಲಭ ಎನ್ನಿಸುವುದು ಇದರಿಂದಲೇ: ಫೈರ್‌ವಾಲ್ ದಾಟಿಸಿ ಎರಡು ಮೂರು ಸಣ್ಣ ವೈರ್ ಎಳೆದು, ಟೇಪ್ ಸುತ್ತಿದರೆ ಆಯಿತು. ಅಪಾಯವೂ ಅಲ್ಲೇ ಇದೆ. ವೋಲ್ಟೇಜ್ ಇಳಿದಾಗ ಸೊಲೆನಾಯ್ಡಿನ ಕಾಂಟ್ಯಾಕ್ಟುಗಳು ಕಿಡಿಯಲ್ಲಿ ಕರಗಿ ಅಂಟಿಕೊಳ್ಳಬಹುದು. ಹಾಗೆ ಅಂಟಿಕೊಂಡ ಮೇಲೆ ಸ್ವಿಚ್ಚಿನಿಂದ ಬೆರಳು ತೆಗೆದರೂ, ಇಗ್ನಿಷನ್ ಆಫ್ ಮಾಡಿದರೂ ವಿಂಚ್ ಎಳೆಯುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವುದು ಬ್ಯಾಟರಿಯಿಂದ ಬರುವ ದಪ್ಪ ಕೇಬಲ್ಲಿನಲ್ಲೇ ಕೂರಿಸಿದ, ಕರೆಂಟನ್ನೇ ಕಡಿಯುವ ಐಸೊಲೇಟರ್ ಮಾತ್ರ. ಅದು ಬಾನೆಟ್ ಒಳಗೆ ಬಚ್ಚಿಟ್ಟುಕೊಂಡಿದ್ದರೆ ಪ್ರಯೋಜನವಿಲ್ಲ, ಚಾಲಕನ ಕೈಗೆ ಎಟುಕಬೇಕು. ಸ್ವಿಚ್ ಕೂಡ ಬೆರಳು ಬಿಟ್ಟ ತಕ್ಷಣ ತಾನಾಗಿ ನಡುವಿಗೆ ಮರಳುವ ಸ್ಪ್ರಿಂಗ್ ಜಾತಿಯದೇ ಆಗಬೇಕು. ದೀಪದ ಸ್ವಿಚ್ಚಿನಂತೆ ಒತ್ತಿದಲ್ಲೇ ನಿಲ್ಲುವಂಥದ್ದನ್ನು ಹಾಕುವುದು ಅಪರಾಧವೇ ಸರಿ. ಇನ್ನೊಂದು ವಿಷಯವನ್ನು ಮರೆಯುವವರೇ ಹೆಚ್ಚು. ರಿಮೋಟ್ ಮತ್ತು ಡ್ಯಾಶ್‌ಬೋರ್ಡ್ ಎರಡೂ ಏಕಕಾಲದಲ್ಲಿ ಜೀವಂತವಾಗಿದ್ದು, ಹೊರಗಿನವರು ಹಗ್ಗ ಬಿಡುವ ಗುಂಡಿಯನ್ನೂ ಒಳಗಿನವರು ಎಳೆಯುವ ಗುಂಡಿಯನ್ನೂ ಒತ್ತಿದರೆ, ನಾಲ್ಕು ಸೊಲೆನಾಯ್ಡಿನ ಹಳೆಯ ಪೆಟ್ಟಿಗೆಗಳಲ್ಲಿ ಎರಡೂ ದಿಕ್ಕಿನವು ಒಟ್ಟಿಗೆ ಕಚ್ಚಿಕೊಳ್ಳುತ್ತವೆ. ಕಾಂಟ್ಯಾಕ್ಟ್ ಸುಡುವುದಕ್ಕೆ ಅಷ್ಟು ಸಾಕು. ಆದ್ದರಿಂದ ಒಂದಕ್ಕೆ ಕರೆಂಟ್ ಕೊಟ್ಟಾಗ ಇನ್ನೊಂದನ್ನು ಕಡಿಯುವ ಸೆಲೆಕ್ಟರ್ ಬೇಕು, ಕಾಯಿಲ್ ವೈರಿಗೊಂದು ಸಣ್ಣ ಫ್ಯೂಸ್ ಬೇಕು.

ಚಾಲಕ ಹಗ್ಗದ ನೇರಕ್ಕೆ ಕೂತಿರುತ್ತಾನೆ, ಅದು ಕಡಿದರೆ ಮುಖಕ್ಕೇ ಬಡಿಯುತ್ತದೆ, ಹೊರಗೆ ಪಕ್ಕದಲ್ಲಿ ನಿಲ್ಲುವುದೇ ಕ್ಷೇಮ ಎನ್ನುವವರಿದ್ದಾರೆ. ಗಾಜಿನ ಚೌಕಟ್ಟನ್ನು ಮಡಚಿದ ತೆರೆದ ಜೀಪಿನ ಮಟ್ಟಿಗೆ ಈ ಆಕ್ಷೇಪವನ್ನು ಪೂರ್ತಿ ಒಪ್ಪುತ್ತೇನೆ. ಆದರೆ 80–90 ಅಡಿ ಚಾಚಿದ ಉಕ್ಕಿನ ಹಗ್ಗ ಕಡಿದಾಗ 12 ಅಡಿ ವೈರಿನ ತುದಿಯಲ್ಲಿ ನಿಂತವರು ಕ್ಷೇಮವಾಗಿರುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಹಗ್ಗದ ಮೇಲೆ ಒದ್ದೆ ಗೋಣಿಚೀಲವನ್ನೋ ಭಾರದ ಹೊದಿಕೆಯನ್ನೋ ಹಾಕಿ, ಬಾನೆಟ್ ಎತ್ತಿಟ್ಟು, ಗಾಜಿನ ಹಿಂದೆ ಕೂತವನೇ ಅವರಿಗಿಂತ ವಾಸಿ. ಹೀಗೆ ಬಾನೆಟ್ ಎತ್ತಿದರೆ ಡ್ರಮ್ ಕಾಣುವುದಿಲ್ಲ ಎಂಬ ಇನ್ನೊಂದು ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಹಗ್ಗ ಒಂದೇ ಕಡೆ ರಾಶಿ ಬೀಳುತ್ತಿದೆಯೋ, ಕೊಕ್ಕೆ ರೋಲರ್‌ಗಳ ಸಮೀಪ ಬಂದಿತೋ ಎಂದು ತಿಳಿಯದೆ ಎಳೆಯುವುದು ತಪ್ಪು. ಕೊನೆಯ ಏಳೆಂಟು ಅಡಿ ಹಗ್ಗವನ್ನು ಯಾವಾಗಲೂ ಹೊರಗೆ ನಿಂತು, ರಿಮೋಟಿನಿಂದಲೇ ಸುತ್ತಬೇಕು. ಬಿದ್ದ ಮರ ಎಳೆಯುವುದಕ್ಕೂ ಇನ್ನೊಬ್ಬರ ಗಾಡಿ ಎತ್ತುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ನೋಡಬೇಕಾದ ಜಾಗ ಮುಂದಿದೆ, ಸುತ್ತ ತೋಟದ ಕೆಲಸದವರು ನಿಂತಿರುತ್ತಾರೆ. ಒಳಗೆ ಕೂತು ಸ್ವಿಚ್ ಒತ್ತುವವರಿಗೆ ಅವರು ಹಗ್ಗ ದಾಟುವುದು ಕಾಣದೇ ಹೋಗಬಹುದು.

ವೈರ್‌ಲೆಸ್ ರಿಮೋಟ್ ಬಂದ ಮೇಲೆ ಇದೆಲ್ಲ ಏಕೆ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಅದರ ಸೆಲ್ ಮುಗಿಯುತ್ತದೆ, ಒದ್ದೆಯಾಗುತ್ತದೆ, ಕೆಸರಿನಲ್ಲಿ ಬಿದ್ದರೆ ಸಿಗುವುದಿಲ್ಲ. ಜೊತೆಗೊಂದು ಅನುಕೂಲವಾಗಿ ಇರಲಿ, ಅದೊಂದನ್ನೇ ನಂಬಿ ಕಾಡಂಚಿನ ತೋಟಕ್ಕೆ ಇಳಿಯಬಾರದು.

ಹೀಗಾಗಿ ಡ್ಯಾಶ್‌ಬೋರ್ಡಿನ ಸ್ವಿಚ್ಚನ್ನು ನಾನು ಒಪ್ಪುವುದು ರಿಮೋಟ್ ಉಳಿಸಿಕೊಂಡವರಿಗೆ, ಒಬ್ಬರೇ ಓಡಾಡುವವರಿಗೆ, ಅದನ್ನು ಸ್ವಂತ ಗಾಡಿ ಎತ್ತಲು ಮಾತ್ರ ಬಳಸುವವರಿಗೆ. ಈ ಮಳೆಗಾಲಕ್ಕೆ ಮುಂಚೆ ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ, ದಯವಿಟ್ಟು ಮೊದಲು ಐಸೊಲೇಟರ್ ಹಾಕಿಸಿ. ಸ್ವಿಚ್ ಮುಂದಿನ ವರ್ಷಕ್ಕಿರಲಿ.