ನೀರಿನ ದಾರಿ ಬರೆಯುವ ಸುಖ

ಗೇಮಿಂಗ್ ಕಂಪ್ಯೂಟರಿನೊಳಗೆ ನೀರು ಹರಿಸುವ ಕೆಲಸದಲ್ಲಿ ನನಗೆ ತುಂಬ ಪ್ರಿಯವಾದದ್ದು ಒಂದೂ ಪೈಪು ಕತ್ತರಿಸದ ಮೊದಲ ಹಂತ. ಮುಂದೆ ಹಾಳೆ, ಪೆನ್ಸಿಲು, ತೆರೆದಿಟ್ಟ ಕ್ಯಾಬಿನೆಟ್. ತೊಟ್ಟಿಯಿಂದ ಪಂಪು, ಪಂಪಿನಿಂದ ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಬ್ಲಾಕು, ಅಲ್ಲಿಂದ ಗ್ರಾಫಿಕ್ಸ್ ಕಾರ್ಡು, ರೇಡಿಯೇಟರ್, ಮತ್ತೆ ತೊಟ್ಟಿ.

ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಸಬರು ತಲೆ ಕೆಡಿಸಿಕೊಳ್ಳುತ್ತಾರೆ. ಕಾರ್ಡು ಬಿಸಿ ಮಾಡಿದ ನೀರು ಪ್ರೊಸೆಸರಿಗೆ ಹೋದರೆ ಗತಿಯೇನು? ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 4 ಲೀಟರ್ ಓಡುವ ನೀರು 500 ವ್ಯಾಟ್ ಶಾಖವನ್ನು ಪೂರ್ತಿ ಹೊತ್ತರೂ ಒಂದು ಸುತ್ತಿನಲ್ಲಿ 2 ಡಿಗ್ರಿ ಏರುವುದಿಲ್ಲ. ಅಷ್ಟೇ ಗಾತ್ರದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಶಾಖ ಹೊರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಬಂದ ಸೂಪರ್ ಕಂಪ್ಯೂಟರ್ ‘ಸಹಸ್ರ ಟಿ’ಯ ಶಾಖವನ್ನು ಹೊತ್ತದ್ದೂ ಇದೇ ನೀರು. ಹಾಗಾಗಿ ಬಿಡಿಭಾಗಗಳ ಸಾಲು ಕಣ್ಣಿಗೆ ಒಪ್ಪುವ ಹಾಗಿದ್ದರೆ ಸಾಕು. ಕಟ್ಟುನಿಟ್ಟಿನ ನಿಯಮ ಒಂದೇ: ಪಂಪಿಗೆ ನೀರು ಸದಾ ಸಿಗುವಂತೆ ತೊಟ್ಟಿ ಅದರ ಹಿಂದೆಯೇ, ತುಸು ಮೇಲೆ ಇರಬೇಕು. ವಿಜ್ಞಾನ ಇಷ್ಟು ಉದಾರವಾಗಿ ಅಂದಕ್ಕೆ ಜಾಗ ಬಿಟ್ಟುಕೊಡುವುದು ಅಪರೂಪ.

ಆ ಅಂದವೆಲ್ಲ ಬಾಗಿನಲ್ಲಿದೆ. 14 ಮಿಲಿಮೀಟರಿನ ಅಕ್ರಿಲಿಕ್ ಕೊಳವೆಯೊಳಗೆ ಸಿಲಿಕೋನ್ ಹುರಿ ತೂರಿಸಿ, ಹೀಟ್ ಗನ್ನಿನ ಮುಂದೆ ನಿಲ್ಲಿಸದೆ ತಿರುಗಿಸುತ್ತಿರಬೇಕು. ಬಿಗಿಯಾಗಿದ್ದದ್ದು ಇದ್ದಕ್ಕಿದ್ದಂತೆ ಬೆರಳಲ್ಲಿ ಬಳುಕುತ್ತದೆ. ಆ ಕ್ಷಣಕ್ಕೆ ಬಗ್ಗಿಸಿ, ತಣಿಯುವವರೆಗೆ ಹಿಡಿದಿರಬೇಕು. ಅವಸರ ಮಾಡಿದರೆ ಒಳಮೈ ಸುಕ್ಕಾಗುತ್ತದೆ, ಹೆಚ್ಚು ಕಾಯಿಸಿದರೆ ಗುಳ್ಳೆ ಏಳುತ್ತದೆ. ಸರಿಯಾಗಿ ಬಂದ ಬಾಗಿನಲ್ಲಿ ಬೆಳಕು ಎಲ್ಲೂ ಮುರಿಯದೆ ಜಾರುತ್ತದೆ. ಅಂಥ ಎರಡು ಕೊಳವೆಗಳು ಪಕ್ಕಪಕ್ಕದಲ್ಲಿ ಒಂದೇ ಅಂತರ ಕಾಯ್ದುಕೊಂಡು ತಿರುಗುವುದನ್ನು ಎಷ್ಟು ನೋಡಿದರೂ ನನಗೆ ಸಾಲದು.

ಇನ್ನು ಈ ಸುತ್ತಿಗೆ, ಅಂದರೆ ಲೂಪಿಗೆ, ತುಂಬುವ ನೀರು. ಕೊಳವೆಬಾವಿಯದು ಇದಕ್ಕೆ ಆಗದು. ನಂದಿ ಬೆಟ್ಟದ ಸಾಲಿನಲ್ಲಿ ಐದು ನದಿ ಹುಟ್ಟುತ್ತವೆ ಎನ್ನುತ್ತಾರೆ. ವರ್ಷವಿಡೀ ಹರಿಯುವ ನದಿ ಮಾತ್ರ ಚಿಕ್ಕಬಳ್ಳಾಪುರ ಜಿಲ್ಲೆಗೆ ಒಂದೂ ಇಲ್ಲ. ಚಿಂತಾಮಣಿ, ಗೌರಿಬಿದನೂರು ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಅಷ್ಟು ಆಳದಿಂದ ಬರುವ ನೀರು ಗಡಸು. ಬಕೆಟ್ಟಿಗೆ ಇಳಿಬಿಡುವ ಹೀಟರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಚಕ್ಕೆಯೇ ಸಾಕ್ಷಿ. ಬ್ಲಾಕಿನೊಳಗಿನ ತಾಮ್ರದ ರೆಕ್ಕೆಗಳ ನಡುವಿನ ಸಂದು ಕೂದಲೆಳೆಯಷ್ಟು, ಅಲ್ಲಿ ಅಂಥದ್ದು ಕೂತರೆ ಹರಿವೇ ಕುಗ್ಗುತ್ತದೆ. ಶಿಡ್ಲಘಟ್ಟದ ರೀಲರುಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗೂಡು ಬೇಯಿಸುವ ನೀರು ಗಡಸಾದರೆ ರೇಷ್ಮೆ ನೂಲಿನ ಗುಣ ಕೆಡುತ್ತದೆಂದು ಅವರು ಬಲ್ಲರು. ಲೂಪಿಗೆ ಬೇಕಾದದ್ದು ಡಿಸ್ಟಿಲ್ಡ್ ವಾಟರ್, ಜೊತೆಗೆ ಪಾಚಿ ಮತ್ತು ತುಕ್ಕು ತಡೆಯುವ ದ್ರಾವಣ. ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರ್ ಮಾತ್ರ ಜೋಡಿಸಲೇಬಾರದು. ಒಂದೇ ನೀರಲ್ಲಿ ಎರಡೂ ಲೋಹ ಇದ್ದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ.

ನಮ್ಮ ಬೇಸಿಗೆಯನ್ನೂ ನಕ್ಷೆಯಲ್ಲಿ ಸೇರಿಸಬೇಕು. ಏಪ್ರಿಲ್ ಮಧ್ಯಾಹ್ನ ಕೋಣೆ 34 ಡಿಗ್ರಿ ಇದ್ದರೆ ನೀರು ಅದಕ್ಕಿಂತ ತಣ್ಣಗಾಗದು. 120 ಮಿಲಿಮೀಟರಿನ ಒಂದು ಫ್ಯಾನಿನ ಜಾಗಕ್ಕೆ 100 ವ್ಯಾಟ್ ಎಂದು ಹಿಡಿದರೆ 500 ವ್ಯಾಟಿಗೆ ಐದು ಫ್ಯಾನು ಬೇಕು. 360 ಮಿಲಿಮೀಟರಿನ ರೇಡಿಯೇಟರ್ ಎರಡು ಹಾಕಿದರೆ ಆರು ಸಿಗುತ್ತವೆ. ಫ್ಯಾನಿನ ವೇಗವನ್ನು ಪ್ರೊಸೆಸರಿನ ಬಿಸಿಗೆ ಕಟ್ಟದೆ ನೀರಿನ ಬಿಸಿಗೆ ಕಟ್ಟಿ. ನೀರು ನಿಧಾನವಾಗಿ ಕಾಯುತ್ತದೆ, ಆದ್ದರಿಂದ ಆಟ ಎಷ್ಟೇ ಜೋರಾದರೂ ಫ್ಯಾನು ಗಳಿಗೆಗೊಮ್ಮೆ ಕೂಗಿ ಇಳಿಯುವುದಿಲ್ಲ. ಈ ಸದ್ದಿಲ್ಲದ ಸುಖಕ್ಕೇ ಖರ್ಚು ಮಾಡಬಹುದು ಎಂಬುದು ನನ್ನ ಅಭಿಪ್ರಾಯ.

ಎಲ್ಲ ಕೂಡಿಸಿದ ಮೇಲೆ ಪಂಪಿಗಷ್ಟೇ ಕರೆಂಟು ಕೊಟ್ಟು, ಪ್ರತಿ ಫಿಟಿಂಗಿನ ಕೆಳಗೆ ಟಿಶ್ಯೂ ಪೇಪರ್ ಇಟ್ಟು ಇಡೀ ದಿನ ಓಡಿಸಿ ನೋಡಿ. ನೀರನ್ನು ಆಗಾಗ ಬದಲಾಯಿಸಬೇಕಾಗುತ್ತದೆ. ಆದ್ದರಿಂದ ಎಲ್ಲರೂ ಮರೆಯುವ ಡ್ರೇನ್ ವಾಲ್ವನ್ನು ನಿಮ್ಮ ನಕ್ಷೆಯ ಅತಿ ತಗ್ಗಿನ ಜಾಗದಲ್ಲಿ ಮೊದಲೇ ಬರೆದುಕೊಳ್ಳಿ.