ಮಹಾಸರೋವರಗಳ ಮುನ್ಸೂಚನೆ: ಕಂಪ್ಯೂಟರ್ ಮಾದರಿಗಳ ಬಲ ಮತ್ತು ಮಿತಿ

ಉತ್ತರ ಅಮೆರಿಕದ ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ ಮತ್ತು ಒಂಟಾರಿಯೊ ಸರೋವರಗಳಲ್ಲಿ ಭೂಮಿಯ ಮೇಲ್ಮೈಯಲ್ಲಿ ದ್ರವರೂಪದಲ್ಲಿರುವ ಸಿಹಿನೀರಿನ ಸುಮಾರು ಐದರಲ್ಲಿ ಒಂದು ಪಾಲು ಇದೆ. ಅಲ್ಲಿನ ನೀರಿನ ಮಟ್ಟ, ಹರಿವು, ಉಷ್ಣತೆಗಳನ್ನು ಕಂಪ್ಯೂಟರ್ ಮಾದರಿಗಳಿಂದ ಮೊದಲೇ ತಿಳಿಸುವ ಪ್ರಯತ್ನ ಈರಿಯಿಂದ ಶುರುವಾಯಿತು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕೀತ್ ಬೆಡ್‌ಫೋರ್ಡ್ ಹಾಗೂ ಆನ್ ಆರ್ಬರ್‌ನ ಸರೋವರ ಸಂಶೋಧನಾಲಯದ ಡೇವಿಡ್ ಶ್ವಾಬ್ ಇದಕ್ಕೆ ಅಡಿಪಾಯ ಹಾಕಿದರು. ಈಗ ಅಮೆರಿಕ ಸರ್ಕಾರದ ಸಾಗರ ಮತ್ತು ವಾಯುಮಂಡಲ ಸಂಸ್ಥೆ 'ನೋವಾ' ಐದೂ ಸರೋವರಗಳಿಗೆ ದಿನಕ್ಕೆ ಹಲವು ಬಾರಿ ಮುನ್ಸೂಚನೆ ನೀಡುತ್ತದೆ.

ಮಾದರಿಯು ಸರೋವರವನ್ನು ಸಾವಿರಾರು ಸಣ್ಣ ಕೋಶಗಳಾಗಿಯೂ ಆಳದುದ್ದಕ್ಕೂ ಪದರಗಳಾಗಿಯೂ ವಿಂಗಡಿಸಿ, ಗಾಳಿಯ ಒತ್ತಡ, ಬಿಸಿಲು ಮತ್ತು ಭೂಮಿಯ ತಿರುಗುವಿಕೆಯಿಂದ ಪ್ರತಿ ಕೋಶದಲ್ಲಿ ಆಗುವ ಬದಲಾವಣೆಯನ್ನು ಲೆಕ್ಕ ಹಾಕುತ್ತದೆ. ಆರಂಭದಲ್ಲಿ ಬಳಸಿದ ಪ್ರಿನ್ಸ್‌ಟನ್ ಮಾದರಿಯ ಕೋಶಗಳು ಚೌಕಾಕಾರದವು. ವಕ್ರವಾದ ದಡಗಳು ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೂಡುತ್ತಿದ್ದವು. ಇಂದಿನ ಮಾದರಿ ತ್ರಿಕೋನ ಕೋಶಗಳನ್ನು ದಡದ ಬಳಿ ಕಿರಿದಾಗಿ, ನಡುನೀರಿನಲ್ಲಿ ದೊಡ್ಡದಾಗಿ ಹರಡುತ್ತದೆ. ಜನ ನೀರೆತ್ತುವುದೂ ದೋಣಿ ನಡೆಸುವುದೂ ಹೆಚ್ಚಾಗಿ ದಡದ ಬಳಿಯೇ ಆದ್ದರಿಂದ ಇದು ಸರಿಯಾದ ಸುಧಾರಣೆ.

ಈ ವ್ಯವಸ್ಥೆಯ ಬಲ ಚೆನ್ನಾಗಿ ಕಾಣುವುದೂ ಈರಿಯಲ್ಲೇ. ಅದರ ಸರಾಸರಿ ಆಳ ಬರೀ 19 ಮೀಟರ್. ನೈಋತ್ಯದ ಬಿರುಗಾಳಿ ಉದ್ದಕ್ಕೂ ಬೀಸಿದರೆ ನೀರು ಪೂರ್ವದ ಬಫಲೊ ಕಡೆಗೆ ಒತ್ತರಿಸಿ ಏರುತ್ತದೆ, ಪಶ್ಚಿಮದ ಟೊಲೀಡೊದಲ್ಲಿ ಇಳಿಯುತ್ತದೆ; ಎರಡು ತುದಿಗಳ ಅಂತರ 2 ಮೀಟರ್ ಮೀರುವುದುಂಟು. ಒಂದು ದಡದಲ್ಲಿ ಪ್ರವಾಹ, ಇನ್ನೊಂದರಲ್ಲಿ ಹಡಗು ತಳ ತಾಗುವ ಭಯ. ಗಾಳಿಯ ಮುನ್ಸೂಚನೆ ಸರಿಯಿದ್ದರೆ ಈ ಏರಿಳಿತವನ್ನು ಮಾದರಿ ಮೊದಲೇ ಹೇಳಬಲ್ಲದು. ಏಕೆಂದರೆ ಇಲ್ಲಿ ಕೆಲಸ ಮಾಡುವುದು ಗಾಳಿ ಮತ್ತು ಸರೋವರದ ಆಕಾರ, ಎರಡನ್ನೂ ಅಳೆಯಬಹುದು.

ಜೀವಿಗಳ ವಿಷಯಕ್ಕೆ ಬಂದಾಗ ಖಚಿತತೆ ಕಡಿಮೆಯಾಗುತ್ತದೆ. 2014ರ ಆಗಸ್ಟ್‌ನಲ್ಲಿ ನೀಲಿ-ಹಸಿರು ಪಾಚಿ ಎಂದು ಕರೆಯುವ ಸೈನೋಬ್ಯಾಕ್ಟೀರಿಯಾದ ವಿಷ ಕುಡಿಯುವ ನೀರಿಗೆ ಸೇರಿ, ಟೊಲೀಡೊ ಪ್ರದೇಶದ 4 ಲಕ್ಷಕ್ಕೂ ಹೆಚ್ಚು ಜನರು ನಲ್ಲಿ ನೀರು ಕುಡಿಯದಂತೆ ಎಚ್ಚರಿಸಬೇಕಾಯಿತು. ಉಪಗ್ರಹ ಚಿತ್ರದಲ್ಲಿ ಕಂಡ ಪಾಚಿಯನ್ನು ನೀರಿನ ಹರಿವು ಎತ್ತ ಒಯ್ಯುತ್ತದೆ ಎಂದು ಮಾದರಿ ತೋರಿಸುತ್ತದೆ; ನೀರು ಶುದ್ಧೀಕರಿಸುವವರಿಗೆ ಇದು ದೊಡ್ಡ ನೆರವು. ಆದರೆ ಮೋಡ ಕವಿದರೆ ಚಿತ್ರ ಸಿಗದು. ಪಾಚಿಯ ಪ್ರಮಾಣವೂ ವಿಷದ ಪ್ರಮಾಣವೂ ಒಂದೇ ಅಲ್ಲ. ನಕ್ಷೆಯಲ್ಲಿ ತೆಳುವಾಗಿ ಕಂಡದ್ದು ಸುರಕ್ಷಿತವೆಂದು ಭಾವಿಸುವಂತಿಲ್ಲ.

ಇನ್ನೂ ಮೂರು ಕೊರತೆಗಳಿವೆ. ಬೇಸಿಗೆಯಲ್ಲಿ ಈರಿಯ ನಡುಭಾಗದ ತಳದಲ್ಲಿ ಆಮ್ಲಜನಕ ಕಡಿಮೆಯಾದ ತಣ್ಣೀರಿನ ತೆಳು ಪದರ ನಿಲ್ಲುತ್ತದೆ. ಮಾದರಿಗಳು ಬಿಸಿ, ತಂಪು ನೀರಿನ ನಡುವಿನ ಗಡಿಯನ್ನು ಇರುವುದಕ್ಕಿಂತ ಮಸುಕಾಗಿಸುವ ಕಾರಣ ಈ ಪದರದ ಚಲನೆ ತಪ್ಪಿಹೋಗಬಹುದು. ಎರಡನೆಯದಾಗಿ, ಹಿಮಗಟ್ಟುವ ಮುನ್ನ ತೇಲುವ ಅಳತೆ ಉಪಕರಣಗಳಲ್ಲಿ ಹೆಚ್ಚಿನವನ್ನು ದಡಕ್ಕೆ ತರುವುದರಿಂದ ಚಳಿಗಾಲದ ಲೆಕ್ಕವನ್ನು ಪರೀಕ್ಷಿಸಲು ಆಧಾರ ತೀರಾ ಕಡಿಮೆ. ಮೂರನೆಯದಾಗಿ, ವೇಗದ ಗುಡುಗು ಮಳೆಯ ಸಾಲಿನ ಜೊತೆ ವಾಯುಒತ್ತಡ ಥಟ್ಟನೆ ಬದಲಾದಾಗ ಏಳುವ ಅಲೆಗಳನ್ನು ಹಿಡಿಯಲು ಗಂಟೆಗೊಮ್ಮೆ ಸಿಗುವ ಹವಾಮಾನ ಮಾಹಿತಿ ಸಾಲದು. 1954ರ ಜೂನ್ 26ರಂದು ಷಿಕಾಗೊದಲ್ಲಿ ದಡದಲ್ಲಿದ್ದವರನ್ನು ಕೊಚ್ಚಿ ಒಯ್ದದ್ದು ಇಂಥದೇ ಅಲೆ.

ತಿಂಗಳುಗಳ ಮುನ್ಸೂಚನೆ ಬೇರೆಯದೇ ಪ್ರಶ್ನೆ. ಮಿಷಿಗನ್-ಹ್ಯೂರಾನ್ ಮಟ್ಟ 2013ರ ಜನವರಿಯಲ್ಲಿ ದಾಖಲೆಯ ಕೆಳಮಟ್ಟ ಮುಟ್ಟಿ, 2020ರಲ್ಲಿ ಹಲವು ತಿಂಗಳ ಗರಿಷ್ಠ ದಾಖಲೆಗಳನ್ನು ಮುರಿಯಿತು. ಇಂಥ ಬದಲಾವಣೆಯನ್ನು ನಿರ್ಧರಿಸುವುದು ಮಳೆ, ಹಿಮ, ಆವಿಯಾಗುವಿಕೆ. ಅವನ್ನು ತಿಂಗಳುಗಳ ಮೊದಲು ನಿಖರವಾಗಿ ಹೇಳಲಾಗದು. ಅಮೆರಿಕ ಮತ್ತು ಕೆನಡಾ ಸೇರಿ ನೀಡುವ ಆರು ತಿಂಗಳ ಮುನ್ಸೂಚನೆ ಒಂದೇ ಅಂಕಿಗೆ ಅಂಟಿಕೊಳ್ಳದೆ ಸಂಭವನೀಯ ವ್ಯಾಪ್ತಿಯನ್ನೂ ತೋರಿಸುವುದು ಪ್ರಾಮಾಣಿಕ ಕ್ರಮ.

ಒಟ್ಟಿನಲ್ಲಿ, ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗಿನ ನೀರಿನ ಮಟ್ಟಕ್ಕೆ ಈ ಮಾದರಿಗಳನ್ನು ನಂಬಿ ನಡೆಯಬಹುದು. ಪಾಚಿ ಮತ್ತು ಆಮ್ಲಜನಕದ ವಿಷಯದಲ್ಲಿ ಅವು ಎಚ್ಚರಿಕೆ ಕೊಡಬಲ್ಲವೇ ಹೊರತು ನೀರಿನ ಪರೀಕ್ಷೆಗೆ ಬದಲಿಯಾಗಲಾರವು. ಕೋಶಗಳನ್ನು ಇನ್ನಷ್ಟು ಕಿರಿದಾಗಿಸುವುದಕ್ಕಿಂತ ಹಿಮದ ಅಡಿಯಲ್ಲೂ ತಳದಲ್ಲೂ ವರ್ಷವಿಡೀ ಅಳೆಯುವ ಉಪಕರಣಗಳಿಗೆ ಹಣ ತೊಡಗಿಸುವುದೇ ಈಗ ಆಗಬೇಕಾದ ಮೊದಲ ಕೆಲಸ.