ಮುಚ್ಚಬೇಕು, ಸರಿ, ಯಾರು?

ಜಗಳೂರು ಸೀಮೆಯಲ್ಲಿ ಬೋರ್ ಫೇಲಾದರೆ ರೈತನ ಕಣ್ಣು ಮೊದಲು ಹೋಗುವುದು ಕೇಸಿಂಗ್ ಪೈಪಿನ ಮೇಲೆ. ನೀರಂತೂ ಬರಲಿಲ್ಲ, ಪೈಪಾದರೂ ಮುಂದಿನ ಪಾಯಿಂಟಿಗೆ ಆಗಲಿ ಎಂದು ಮೇಲೆತ್ತಿಸುತ್ತಾನೆ. ಸಾಲ ಮಾಡಿ ಕೊರೆಸಿದವನನ್ನು ಇದಕ್ಕಾಗಿ ಬೈಯಲು ನನಗೆ ಬಾಯಿ ಬರುವುದಿಲ್ಲ. ತೆರೆದ ಕೊಳವೆಬಾವಿಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರ ಫೆಬ್ರುವರಿಯಲ್ಲಿ ಕೊಟ್ಟು, ಆಗಸ್ಟ್‌ನಲ್ಲಿ ತಿದ್ದಿದ ಮಾರ್ಗಸೂಚಿಯನ್ನು ಓದಬೇಕಾದ ಜಾಗ ಪೈಪು ಕಿತ್ತ ಅಂಥ ಗುಂಡಿಯ ಅಂಚು.

ಅಳತೆ ಹೇಳುವಾಗ ಅದರ ಮಾತು ಖಚಿತ. ಕೇಸಿಂಗ್ ಸುತ್ತ ಅರ್ಧ ಮೀಟರ್ ಉದ್ದಗಲದ ಕಾಂಕ್ರೀಟ್ ಕಟ್ಟೆ, 0.30 ಮೀಟರ್ ನೆಲದ ಮೇಲೆ, ಅಷ್ಟೇ ಕೆಳಗೆ. ಟೇಪು ಹಿಡಿದು ನೋಡಿದರೆ ಆಯಿತು, ವಾದಕ್ಕೆ ಎಡೆಯಿಲ್ಲ. ಕೊರೆಯುವಾಗಿನ ಬೇಲಿಯ ಮಾತಿಗೆ ಬಂದರೆ ಮುಳ್ಳುತಂತಿ 'ಅಥವಾ ಸೂಕ್ತವಾದ ಬೇರೆ ತಡೆ' ಸಾಕು. ಎರಡು ಜಾಲಿಮುಳ್ಳಿನ ಕೊಂಬೆಯೂ ಸೂಕ್ತವೆನ್ನಿಸಿಕೊಳ್ಳಬಹುದು. ಉಕ್ಕಿನ ತಟ್ಟೆಯನ್ನು ಬೆಸೆಯಬೇಕು, ಇಲ್ಲವೇ ಗಟ್ಟಿ ಮುಚ್ಚಳವನ್ನು ನಟ್ಟು ಬೋಲ್ಟು ಹಾಕಿ ಕೇಸಿಂಗಿಗೆ ಬಿಗಿಯಬೇಕು ಎನ್ನುತ್ತದೆ ಇನ್ನೊಂದು ವಾಕ್ಯ. ಪೈಪೇ ಇಲ್ಲದ ಕಡೆ ಬಿಗಿಯುವುದು ಯಾವುದಕ್ಕೆ?

ಕೈಬಿಟ್ಟ ಬಾವಿಗೆ ಬೇರೆ ನಿಯಮವಿದೆ: ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲು, ಕೊರೆದು ಬಂದ ಪುಡಿ ಹಾಕಿ ತುಂಬಬೇಕು. ಇಡೀ ಪಠ್ಯದಲ್ಲಿ ಅತ್ಯಂತ ಉಪಯುಕ್ತ ಮಾತಿದು. ರಿಗ್ ಉಗುಳಿದ ಪುಡಿ ಪಕ್ಕದಲ್ಲೇ ರಾಶಿ ಬಿದ್ದಿರುತ್ತದೆ. ಆದರೆ ತುಂಬಬೇಕಾದವನು ಯಾರೆಂದು ಆ ವಾಕ್ಯ ಹೇಳುವುದಿಲ್ಲ. ಕೊರೆಸುವ ಹದಿನೈದು ದಿನ ಮುಂಚೆ ಲಿಖಿತವಾಗಿ ತಿಳಿಸುವ ಹೊಣೆ ಮಾತ್ರ ಸ್ಪಷ್ಟವಾಗಿ ಜಮೀನಿನ ಮಾಲೀಕನದು. (ರಿಗ್ ಬಿಡುವಾದ ರಾತ್ರಿಯೇ ಬೋರ್ ಹಾಕಿಸುವ ಊರುಗಳಲ್ಲಿ ಹದಿನೈದು ದಿನದ ಲೆಕ್ಕ ಇಡುವವರು ಯಾರೋ!) ತುಂಬಿದ್ದಕ್ಕೆ ಪ್ರಮಾಣಪತ್ರ ಬೇಕು, ನಿಜ, ಅದನ್ನು ಕೊಡಬಹುದಾದವರ ಪಟ್ಟಿಯಲ್ಲಿ ಅಂತರ್ಜಲ ಇಲಾಖೆಯ ಸಾಲಿನಲ್ಲೇ ಖಾಸಗಿ ಗುತ್ತಿಗೆದಾರನೂ ಕೂತಿದ್ದಾನೆ.

ಹೋಲಿಕೆಗೆ ನೋಡಿ: ಭಾರತೀಯ ಮಾನಕ ಬ್ಯೂರೋದ ದಾಖಲೆಗಳಲ್ಲಿ ಕಡ್ಡಾಯದ ಕ್ರಿಯಾಪದ ಬೇರೆ, ಸಲಹೆಯದು ಬೇರೆ. ಆದರೂ ಸರ್ಕಾರ ಆದೇಶ ಹೊರಡಿಸದಿದ್ದರೆ ಅಥವಾ ಕಾನೂನೊಂದು ಎತ್ತಿ ಹೇಳದಿದ್ದರೆ ಆ ಮಾನಕವನ್ನು ಪಾಲಿಸುವುದು ಐಚ್ಛಿಕವೇ. ಕೋರ್ಟಿನ ಮಾತಿಗೆ ಆ ಕೊರತೆಯಿಲ್ಲ. ಹಾಗಿದ್ದೂ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಮಗುವೊಂದು ಕೊಳವೆಬಾವಿಗೆ ಬಿತ್ತು, ಬದುಕಿ ಬಂತು. ಅದೇ ವರ್ಷದ ಕೊನೆಗೆ ರಾಜ್ಯದ ಅಂತರ್ಜಲ ಕಾಯ್ದೆಯ ತಿದ್ದುಪಡಿಯೂ ಬಂತು. ಅದು ತರುವ ಶಿಕ್ಷೆಯ ಭಯ ಒಳ್ಳೆಯದೇ. ಆದರೆ ಚನ್ನಗಿರಿಯ ಅಡಿಕೆ ತೋಟದಲ್ಲಾಗಲಿ, ಹೊನ್ನಾಳಿ, ನ್ಯಾಮತಿಯ ಮೆಕ್ಕೆಜೋಳದ ಹೊಲದಲ್ಲಾಗಲಿ ಬೋರ್ ಫೇಲಾದ ಗಳಿಗೆಯಲ್ಲಿ ಆಳು, ಯಂತ್ರ, ಪುಡಿ ಮೂರೂ ಒಟ್ಟಿಗಿರುವುದು ರಿಗ್ಗಿನವನ ಬಳಿ. ಬೆಳಗಾದರೆ ಅವನು ತಮಿಳುನಾಡಿನ ತಿರುಚೆಂಗೋಡಿನ ನಂಬರ್ ಪ್ಲೇಟಿನೊಂದಿಗೆ ಮುಂದಿನ ಊರಲ್ಲಿರುತ್ತಾನೆ. ಮಾರ್ಗಸೂಚಿಯ ತುಂಬುವ ವಾಕ್ಯವನ್ನು ಅವನ ಹೆಸರಿಗೇ ಬರೆದು, ತುಂಬದೆ ಬಾಕಿ ಹಣ ಕೇಳುವಂತಿಲ್ಲ ಎಂದು ಸೇರಿಸಬೇಕಿತ್ತು.